ಹೊರೆಯ ಅರಿವು

ಲಾರಿಯಿಂದ ಮೂಟೆ ಇಳಿಸುವ ಕೆಲಸ ನೋಡುವವರ ಕಣ್ಣಿಗೆ ಬಹಳ ಸರಳವಾಗಿ ತೋರುತ್ತದೆ. ಬೆನ್ನು ಗಟ್ಟಿಯಾಗಿದ್ದರೆ ಸಾಕು, ಇದರಲ್ಲಿ ಕಲಿಯಬೇಕಾದುದೇನಿದೆ ಎಂದು ಅನೇಕರು ಭಾವಿಸುತ್ತಾರೆ. ಮೂಟೆಯಲ್ಲಿ ಅಕ್ಕಿಯೋ ಬೆಲ್ಲವೋ ಇರುವವರೆಗೆ ಈ ಮಾತು ನಡೆದೀತು. ಆದರೆ ಆಮ್ಲದ ಪೀಪಾಯಿಗಳು, ಕೀಟನಾಶಕದ ಡಬ್ಬಗಳು, ಕ್ಲೋರಿನ್ ತುಂಬಿದ ಸಿಲಿಂಡರುಗಳು ಕೂಡ ಲಾರಿಯಲ್ಲಿಯೇ ಬರುತ್ತವೆ. ಇವುಗಳನ್ನು ತಯಾರಿಸುವವರು ರಸಾಯನಶಾಸ್ತ್ರವನ್ನು ಓದಿದವರು. ಕೊಳ್ಳುವವರು ಇವುಗಳ ಗುಣವನ್ನು ಬಲ್ಲವರು. ನಡುವೆ ನಿಂತು ಇಳಿಸುವವನಿಗೆ ಮಾತ್ರ ತಾನು ಹೊತ್ತ ಸರಕಿನ ಹೆಸರೂ ತಿಳಿಯದಿರುವುದುಂಟು. ಅಪಾಯಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿರುವವನು ಅವನೇ.

ಈ ಅಜ್ಞಾನದ ಬೆಲೆ ಎಷ್ಟೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರ ಏಪ್ರಿಲ್ 14ರಂದು, ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ನುಗಳಷ್ಟು ಸ್ಫೋಟಕಗಳಿದ್ದವು. ಅದೇ ಹಡಗಿಗೆ ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಸರಕು ಇಳಿಸುವ ಕೆಲಸ ಸಾಗಿದ್ದಾಗ ಮಧ್ಯಾಹ್ನ ಹತ್ತಿಯ ನಡುವಿನಿಂದ ಹೊಗೆ ಎದ್ದಿತು. ಎಷ್ಟು ನೀರು ಹಾಯಿಸಿದರೂ ಬೆಂಕಿ ಆರಲಿಲ್ಲ. ಸಂಜೆ ನಾಲ್ಕು ಗಂಟೆಯ ಬಳಿಕ ಅರ್ಧ ಗಂಟೆಯ ಅಂತರದಲ್ಲಿ ಎರಡು ಭಾರಿ ಸ್ಫೋಟಗಳಾದವು. ನೂರಾರು ಜನ ಮಡಿದರು. ಅವರಲ್ಲಿ 66 ಮಂದಿ ಅಗ್ನಿಶಾಮಕ ದಳದವರು. ಅವರ ನೆನಪಿಗಾಗಿಯೇ ಏಪ್ರಿಲ್ 14ನ್ನು ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತೇವೆ. ಯಾವ ಸರಕಿನ ಬಳಿ ಯಾವ ಸರಕು ಇರಕೂಡದು ಎಂಬುದು ಅಪಾಯಕಾರಿ ವಸ್ತುಗಳ ತರಬೇತಿಯಲ್ಲಿ ಮೊದಲ ಪಾಠಗಳಲ್ಲೊಂದು. ಮುಂಬಯಿ ಆ ಪಾಠವನ್ನು ಕಣ್ಣೀರಿನಲ್ಲಿ ಕಲಿಯಿತು.

ಈ ತರಬೇತಿಯಲ್ಲಿ ಏನೇನು ಕಲಿಸುತ್ತಾರೆ? ಮೊದಲನೆಯದು, ಗುರುತಿಸುವುದು. ಅಪಾಯಕಾರಿ ಸರಕುಗಳನ್ನು ವಿಶ್ವಸಂಸ್ಥೆಯ ಪದ್ಧತಿಯಂತೆ ಒಂಬತ್ತು ವರ್ಗಗಳಾಗಿ ವಿಂಗಡಿಸಲಾಗಿದೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕದಂತಹ ಫಲಕದಲ್ಲಿ ಜ್ವಾಲೆಯ ಚಿತ್ರವಿದ್ದರೆ ಹೊತ್ತಿಕೊಳ್ಳುವ ವಸ್ತು, ತಲೆಬುರುಡೆಯಿದ್ದರೆ ವಿಷ. ಇದಲ್ಲದೆ ಪ್ರತಿಯೊಂದು ಸರಕಿಗೂ ನಾಲ್ಕು ಅಂಕಿಗಳ ಸಂಖ್ಯೆಯುಂಟು: 1203 ಎಂದರೆ ಪೆಟ್ರೋಲು, 1017 ಎಂದರೆ ಕ್ಲೋರಿನ್, 1830 ಎಂದರೆ ಗಂಧಕಾಮ್ಲ. ಚಿತ್ರ ಮತ್ತು ಅಂಕಿಗಳಿಗೆ ಭಾಷೆಯ ಹಂಗಿಲ್ಲ. ಹೆಚ್ಚು ಓದದವನಿಗೂ ಇವನ್ನು ಕಲಿಸಬಹುದು.

ಎರಡನೆಯದು, ಕೆಲಸದ ಕ್ರಮ. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರಿನಿಂದ ಇಂಧನ ಇಳಿಸುವ ಮೊದಲು ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ವಾಹನವನ್ನು ತಂತಿಯ ಮೂಲಕ ಭೂಮಿಗೆ ಜೋಡಿಸುತ್ತಾರೆ. ಕೊಳವೆಯಲ್ಲಿ ಪೆಟ್ರೋಲು ಹರಿಯುವಾಗ ವಿದ್ಯುದಂಶ ಶೇಖರವಾಗುತ್ತದೆ. ಅದು ಭೂಮಿಗೆ ಇಳಿದುಹೋಗದಿದ್ದರೆ ಒಂದು ಕಿಡಿಯಾಗಿ ಸಿಡಿದು ಪೆಟ್ರೋಲಿನ ಆವಿಯನ್ನು ಹೊತ್ತಿಸಬಲ್ಲದು. ಕಾರಣ ತಿಳಿದವನು ಆ ತಂತಿಯನ್ನು ಎಂದೂ ಮರೆಯಲಾರ. ಬರಿಯ ಅಪ್ಪಣೆಯೆಂದು ಮಾಡುವವನು ಅವಸರದ ದಿನ ಬಿಟ್ಟುಬಿಡಬಹುದು.

ಮೂರನೆಯದು, ಆಪತ್ತಿನಲ್ಲಿ ನಡೆದುಕೊಳ್ಳುವ ರೀತಿ. ವಿಷಾನಿಲ ಸೋರಿ ಸಂಗಾತಿ ಕುಸಿದುಬಿದ್ದರೆ ಮನಸ್ಸು ಒಡನೆಯೇ ಅವನತ್ತ ಧಾವಿಸುತ್ತದೆ. ಉಸಿರಾಟದ ರಕ್ಷಾಸಾಧನವಿಲ್ಲದೆ ಹೋದರೆ ಒಬ್ಬನ ಬದಲು ಇಬ್ಬರು ಬೀಳುತ್ತಾರೆ. ಗಾಳಿ ಬೀಸಿಬರುವ ದಿಕ್ಕಿಗೆ ಸರಿದು ಇತರರನ್ನು ಎಚ್ಚರಿಸಿ, ಸಾಧನ ತೊಟ್ಟವರನ್ನು ಕರೆಯುವುದೇ ನಿಜವಾದ ಸಹಾಯ. ಈ ಸಂಯಮ ಹುಟ್ಟಿನಿಂದ ಬರುವಂಥದಲ್ಲ, ಅಭ್ಯಾಸದಿಂದಲೇ ಬರಬೇಕು.

ಯಂತ್ರೋಪಕರಣಗಳಲ್ಲಿ ಮುಂದುವರಿದ ದೇಶಗಳಿಗೂ ಇಂತಹ ಎಚ್ಚರ ಅನಿವಾರ್ಯ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಆಚಿಸನ್ ಪಟ್ಟಣದ ಕಾರ್ಖಾನೆಯೊಂದಕ್ಕೆ 2016ರ ಅಕ್ಟೋಬರ್ 21ರಂದು ಗಂಧಕಾಮ್ಲದ ಟ್ಯಾಂಕರು ಬಂದಿತು. ಆಮ್ಲ ತುಂಬುವ ಕೊಳವೆಗೂ ಸೋಡಿಯಂ ಹೈಪೋಕ್ಲೋರೈಟ್ ತುಂಬುವ ಕೊಳವೆಗೂ ಇದ್ದ ಅಂತರ ಕೇವಲ ಒಂದೂವರೆ ಅಡಿ. ನೋಟಕ್ಕೆ ಎರಡೂ ಒಂದೇ ಬಗೆ. ಟ್ಯಾಂಕರಿನ ಕೊಳವೆಯನ್ನು ತಪ್ಪಾದ ಬಾಯಿಗೆ ಜೋಡಿಸಲಾಯಿತು. ಎರಡು ದ್ರವಗಳೂ ಬೆರೆತು ಕ್ಲೋರಿನ್ ಮೊದಲಾದ ಅನಿಲಗಳ ಮೋಡ ಊರಿನ ಮೇಲೆ ಕವಿಯಿತು. 140ಕ್ಕೂ ಹೆಚ್ಚು ಜನ ಚಿಕಿತ್ಸೆಗಾಗಿ ವೈದ್ಯರ ಬಳಿ ಹೋಗಬೇಕಾಯಿತು. ಕೊಳವೆಗಳ ಮೇಲೆ ಸ್ಪಷ್ಟವಾದ ಹೆಸರೂ, ಜೋಡಣೆಯನ್ನು ಪರೀಕ್ಷಿಸುವ ಇನ್ನೊಂದು ಜೊತೆ ಕಣ್ಣುಗಳೂ ಇದ್ದಿದ್ದರೆ ಇದನ್ನು ತಪ್ಪಿಸಬಹುದಾಗಿತ್ತು.

ಆದ್ದರಿಂದಲೇ ತರಬೇತಿಯನ್ನು ಮಾಲೀಕನ ಇಚ್ಛೆಗೆ ಬಿಡದೆ ಕಾನೂನು ಕಡ್ಡಾಯಗೊಳಿಸುತ್ತದೆ. ಅಪಾಯಕಾರಿ ಸರಕಿನ ಸಾಗಣೆಯ ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ 90 ದಿನಗಳೊಳಗೆ ತರಬೇತಿ ಮುಗಿಸಬೇಕು, ಅಲ್ಲಿಯವರೆಗೆ ಅವನು ತರಬೇತಿ ಪಡೆದವನ ಕಣ್ಣೆದುರಿನಲ್ಲಿಯೇ ಕೆಲಸ ಮಾಡಬೇಕು, ಮೂರು ವರ್ಷಗಳಿಗೊಮ್ಮೆಯಾದರೂ ಮತ್ತೆ ಕಲಿಯಬೇಕು ಎಂಬುದು ಅಮೆರಿಕದ ನಿಯಮ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಂತಹ ವಾಹನಗಳ ಚಾಲಕರಿಗೆ ವಿಶೇಷ ತರಬೇತಿಯನ್ನು ವಿಧಿಸಿದವು. 1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ತನ್ನ ಸುರಕ್ಷತೆಯ ಬಗೆಗೆ ಮಾಹಿತಿ ಕೇಳುವುದು ಕಾರ್ಮಿಕನ ಹಕ್ಕೆಂದು ಸಾರಲಾಯಿತು.

ಆದರೂ ಇಂದು ಒಂದು ಗೋದಾಮು, ನಾಳೆ ಇನ್ನೊಂದು ಎಂದು ಅಲೆಯುವ ದಿನಗೂಲಿಯವನಿಗೆ ಕಲಿಸುವವರಾರು? ಅರ್ಧ ದಿನದ ಕೆಲಸಕ್ಕೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿಯಿದು. ಆಮ್ಲವು ಕಾಯಂ ನೌಕರನ ಕೈಯನ್ನೂ ದಿನಗೂಲಿಯವನ ಕೈಯನ್ನೂ ಒಂದೇ ರೀತಿ ಸುಡುತ್ತದೆ. ಕೆಲಸ ಕೊಟ್ಟವನು ಕೂಲಿಯ ಜೊತೆಗೆ ತಿಳಿವಳಿಕೆಯನ್ನೂ ಕೊಡಬೇಕು. ಸಂಶಯ ಬಂದಾಗ ‘ನಿಲ್ಲಿಸಿ’ ಎನ್ನುವ ಅಧಿಕಾರವನ್ನೂ ಕೊಡಬೇಕು. ಹೊರುವವನಿಗೆ ತನ್ನ ಹೊರೆ ಏನೆಂದು ತಿಳಿಸುವುದು ಉಪಕಾರವಲ್ಲ. ಅವನಿಗೆ ಸಲ್ಲಬೇಕಾದ ನ್ಯಾಯ.

ಅಭ್ಯಾಸ

1. ಸರಕು ಇಳಿಸುವವನು ಅಪಾಯಕ್ಕೆ ಎಲ್ಲರಿಗಿಂತ ಹತ್ತಿರದಲ್ಲಿರುವನೆಂದು ಲೇಖಕರು ಏಕೆ ಹೇಳುತ್ತಾರೆ?
2. ಟ್ಯಾಂಕರನ್ನು ಭೂಮಿಗೆ ಜೋಡಿಸುವುದರ ಕಾರಣವೇನು?
3. ಮುಂಬಯಿ ಮತ್ತು ಆಚಿಸನ್ ದುರಂತಗಳಿಂದ ಕಲಿಯಬೇಕಾದ ಪಾಠಗಳನ್ನು ಹೋಲಿಸಿ ಬರೆಯಿರಿ.
4. ‘ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬುದ್ಧಿ’ – ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.