ಗುದ್ದಲಿ ಪೂಜೆಗೂ ಮೊದಲು ಕರಾರು

ಹೊಸಪೇಟೆ ಸುತ್ತಮುತ್ತ ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: “ಚದರಕ್ಕೆ ಎಷ್ಟು?” ಮೇಸ್ತ್ರಿ ಒಂದು ದರ ಹೇಳುತ್ತಾನೆ, ಮನೆಯವರು ಒಂದಿಷ್ಟು ಇಳಿಸುತ್ತಾರೆ, ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು ಕೊಡುತ್ತಾರೆ. ಅಲ್ಲಿಗೆ ಗುತ್ತಿಗೆ ಕುದುರಿತು. ಸಿವಿಲ್ ಎಂಜಿನಿಯರ್ ಆಗಿ ಈ ಭಾಗದಲ್ಲಿ ಎಸ್ಟಿಮೇಟ್ ಬರೆಯುತ್ತ, ಟೇಪು ಹಿಡಿಯುತ್ತ, ಮನೆಯವರ ಮತ್ತು ಮೇಸ್ತ್ರಿಗಳ ವ್ಯಾಜ್ಯ ಬಗೆಹರಿಸುತ್ತ ಬಂದ ನಾನು ದರಕ್ಕಿಂತ ಮೊದಲು ಬೇರೊಂದನ್ನು ಕೇಳುತ್ತೇನೆ. ನಾವು ಎಣಿಸದೇ ಇದ್ದದ್ದು ಎದುರಾದರೆ ಅದರ ಖರ್ಚು ಯಾರದು? ಗುತ್ತಿಗೆಗಳಲ್ಲಿ ಬಗೆಗಳು ಹುಟ್ಟಿಕೊಂಡಿರುವುದೇ ಈ ಪ್ರಶ್ನೆಯಿಂದ.

ನಮ್ಮಲ್ಲಿ ಹೆಚ್ಚು ನಡೆಯುವುದು ಲೇಬರ್ ಗುತ್ತಿಗೆ. ಸಿಮೆಂಟು, ಕಬ್ಬಿಣ, ಮರಳು ಮನೆಯವರದು. ಆಳು, ಕೈಕೆಲಸ ಮೇಸ್ತ್ರಿಯದು. ಇದರಲ್ಲಿ ಸಾಮಗ್ರಿಯ ಬೆಲೆ ಏರಿದರೂ, ಪೋಲಾದರೂ, ಕಳಪೆಯಾದರೂ ಹೊರೆ ಮನೆಯವರ ಮೇಲೆಯೇ. ಎರಡನೆಯದು ಮಟೀರಿಯಲ್ ಸಮೇತ ಒಟ್ಟು ಮೊತ್ತದ ಗುತ್ತಿಗೆ. ಇಲ್ಲಿ ಹೊರೆ ಬಹುಪಾಲು ಗುತ್ತಿಗೆದಾರನದು. ಮೂರನೆಯದು ಐಟಂ ರೇಟ್: ಅಗೆತಕ್ಕೆ, ಕಾಂಕ್ರೀಟಿಗೆ, ಗೋಡೆಗೆ ಬೇರೆ ಬೇರೆ ದರ, ಅಳೆದಷ್ಟಕ್ಕೆ ಹಣ. ಖರ್ಚಿನ ಲೆಕ್ಕ ತೋರಿಸಿ ಅದರ ಮೇಲೆ ಶೇಕಡಾ ಇಂತಿಷ್ಟು ಪಡೆಯುವ ಪದ್ಧತಿಯೂ ಇದೆ. ಹಳೆಯ ಮನೆಯ ದುರಸ್ತಿಗೆ ಅದೇ ಸರಿ. ಯಾವ ಕೆಲಸಕ್ಕೆ ಯಾವುದು ಒಪ್ಪುತ್ತದೆ ಎಂಬುದನ್ನು ನಾನು ಕಲಿತದ್ದು ಆಯಾ ಊರಿನ ನೆಲದಿಂದ.

ಕಂಪ್ಲಿಯದು ಭತ್ತದ ಗದ್ದೆಗಳ ಎರೆಭೂಮಿ. ಗದ್ದೆಯಂಚಿನ ಒಂದು ನಿವೇಶನದಲ್ಲಿ ಒಟ್ಟು ಮೊತ್ತದ ಗುತ್ತಿಗೆಯಾಗಿತ್ತು; ಪಾಯ ನಾಲ್ಕೂವರೆ ಅಡಿ ಎಂದು ಕಾಗದದಲ್ಲಿತ್ತು. ಅಷ್ಟು ಅಗೆದರೂ ಗುಂಡಿಯ ತಳ ಕಪ್ಪಾಗಿಯೇ ಉಳಿಯಿತು. ಮೇಸ್ತ್ರಿ ಒಂದು ಚಿಟಿಕೆ ಮಣ್ಣಿಗೆ ನೀರು ಹನಿಸಿ ಅಂಗೈಯಲ್ಲಿ ಹೊಸೆದ. ಎಳೆ ತೆಳ್ಳಗಾಗುತ್ತ ಹೋಯಿತೇ ಹೊರತು ತುಂಡಾಗಲಿಲ್ಲ. ಅಂಥ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇನ್ನೂ ಕೆಳಗಿಳಿದು ಗಟ್ಟಿ ನೆಲ ಮುಟ್ಟಲೇಬೇಕೆಂದು ಇಬ್ಬರೂ ಒಪ್ಪಿದರು. ಹೆಚ್ಚುವರಿ ಖರ್ಚನ್ನು ಮಾತ್ರ ಯಾರೂ ಒಪ್ಪಲಿಲ್ಲ. ಕರಾರಿನಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊನೆಗೆ ಪಾಯವನ್ನು ಒಟ್ಟು ಮೊತ್ತದಿಂದ ಹೊರತೆಗೆದು ಘನ ಮೀಟರ್ ದರಕ್ಕೆ ತಂದೆವು. ಕಾಂಕ್ರೀಟು ಬೀಳುವ ಮೊದಲು ಒಂದೊಂದು ಗುಂಡಿಯ ಉದ್ದ, ಅಗಲ, ಆಳ ಬರೆದು ಅಲ್ಲೇ ಇಬ್ಬರ ಸಹಿ ಹಾಕಿಸಿದೆವು. ಸರ್ಕಾರಿ ಕಾಮಗಾರಿಗಳ ಅಳತೆ ಪುಸ್ತಕದ ಉದ್ದೇಶವೂ ಅದೇ: ಮುಚ್ಚಿದ ಮೇಲೆ ಅಳೆಯಲಾಗದ್ದನ್ನು ಮುಚ್ಚುವ ಮೊದಲೇ ದಾಖಲಿಸುವುದು. ಎರೆಭೂಮಿಯಲ್ಲಿ ನನ್ನ ಸಲಹೆ ಅಂದಿನಿಂದ ಬದಲಾಗಿಲ್ಲ: ನೆಲದೊಳಗಿನದು ಐಟಂ ರೇಟಿಗೆ, ನೆಲದ ಮೇಲಿನದು ಒಟ್ಟು ಮೊತ್ತಕ್ಕೆ.

ಸಂಡೂರು ಕಲಿಸಿದ್ದು ಬೆಲೆಯ ಪಾಠ. ಅದಿರಿನ ಭರಾಟೆಯ ವರ್ಷಗಳಲ್ಲಿ ಲಾರಿಗಳೆಲ್ಲ ಗಣಿಯ ಕಡೆ ಮುಖ ಮಾಡಿದವು, ಆಳುಗಳೂ ಅತ್ತಲೇ ಹೋದರು. ಜಲ್ಲಿ, ಮರಳಿನ ಸಾಗಣೆ ದುಬಾರಿಯಾಗಿ ಹಳೆಯ ದರಕ್ಕೆ ಒಪ್ಪಿಕೊಂಡ ಗುತ್ತಿಗೆದಾರರು ತತ್ತರಿಸಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಕಥೆ ತಿರುಗಿತು. ಆದಾಯ ನಿಂತ ಮನೆಯವರು ಕಂತು ಕಟ್ಟಲಾರದೆ ಲಿಂಟಲ್ ಮಟ್ಟದಲ್ಲೇ ಕೆಲಸ ನಿಲ್ಲಿಸಿದರು. ದರ ಏರಿತೆಂಬ ಒಂದೇ ಕಾರಣಕ್ಕೆ ಕರಾರಿನಿಂದ ಬಿಡುಗಡೆ ಸಿಗುವುದಿಲ್ಲವೆಂದು ಸೈನ್ಯದ ತುಪ್ಪದ ಗುತ್ತಿಗೆಗೆ ಸಂಬಂಧಿಸಿದ ಅಲೋಪಿ ಪರ್ಶಾದ್ ಪ್ರಕರಣದಲ್ಲಿ 1960ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಸಿಮೆಂಟು, ಕಬ್ಬಿಣದ ಬೆಲೆ ಎಷ್ಟು ಏರಿದರೆ ಅಥವಾ ಇಳಿದರೆ ದರ ಹೇಗೆ ಬದಲಾಗಬೇಕು, ಹಣ ನಿಂತರೆ ಅಲ್ಲಿಯವರೆಗಿನ ಕೆಲಸದ ಲೆಕ್ಕ ಹೇಗೆ ಎಂಬೆರಡನ್ನೂ ಮೊದಲೇ ಬರೆಯಬೇಕು.

ಹಂಪಿಯಲ್ಲಿ ದರದ ಮಾತು ಆಮೇಲೆ, ಅನುಮತಿಯ ಮಾತು ಮೊದಲು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು; 2002ರ ಕಾಯ್ದೆಯಿಂದ ಅದಕ್ಕೊಂದು ನಿರ್ವಹಣಾ ಪ್ರಾಧಿಕಾರ ಬಂತು. ರಾಷ್ಟ್ರೀಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವೇ ನಿಷಿದ್ಧ. ಅದರಾಚೆಯ 200 ಮೀಟರ್‌ಗೂ ಪೂರ್ವಾನುಮತಿ ಬೇಕು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು; ಮರುತಿಂಗಳು ಅವು ನೆಲಸಮವಾದವು. ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ 1872ರ ಒಪ್ಪಂದ ಕಾಯ್ದೆಯ 23ನೇ ಕಲಂ ಪ್ರಕಾರ ಅನೂರ್ಜಿತ. ಅಂಥ ಕಟ್ಟಡಕ್ಕೆ ಬೆವರು ಸುರಿಸಿದ ಮೇಸ್ತ್ರಿ ಬಾಕಿ ಹಣಕ್ಕೆ ಕೋರ್ಟಿಗೆ ಹೋದರೂ ಕರಾರು ಅವನ ಕೈಹಿಡಿಯುವುದು ಕಷ್ಟ. ಅನುಮತಿ ಪತ್ರದ ಪ್ರತಿಯನ್ನು ಗುತ್ತಿಗೆದಾರನೂ ಕೇಳಿ ಪಡೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆನೆಗೊಂದಿ ಸೇತುವೆಯನ್ನು ಮರೆಯಲಾಗದು. ತಳವಾರ ಘಟ್ಟದ ಬಳಿ ತುಂಗಭದ್ರೆಗೆ ಅಡ್ಡಲಾಗಿ ಅದು ಏಳುತ್ತಿದ್ದಾಗ, 1999ರಲ್ಲಿ, ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸ ವರ್ಷಗಟ್ಟಲೆ ನಿಂತಿತು. ಮತ್ತೆ ಶುರುವಾದ ಮೇಲೆ, 2009ರ ಜನವರಿಯಲ್ಲಿ, ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೆಲಸ ಅರ್ಧಕ್ಕೆ ನಿಂತರೆ ಚಾಚಿಕೊಂಡ ಕಂಬಿಗಳನ್ನು ತುಕ್ಕಿನಿಂದ ಕಾಯುವವರು ಯಾರು, ಮರಳಿ ಶುರು ಮಾಡುವ ಮೊದಲು ಪರೀಕ್ಷೆ ಮಾಡಿಸುವವರು ಯಾರು, ಅದರ ಖರ್ಚು ಯಾರದು? ಚಿಕ್ಕ ಮನೆಯಿರಲಿ, ದೊಡ್ಡ ಸೇತುವೆಯಿರಲಿ, ಈ ಮೂರಕ್ಕೂ ಕರಾರು ಉತ್ತರ ಕೊಡಬೇಕು.

ಎಲ್ಲ ಊರಿಗೂ ಸಲ್ಲುವ ಬಾಧ್ಯತೆಗಳು ಕೆಲವಿವೆ. ‘ಎಕ್ಸ್‌ಟ್ರಾ’ ಕೆಲಸವನ್ನು ಬಾಯಿಮಾತಲ್ಲಿ ಹೇಳಿ ಮಾಡಿಸಿಕೊಂಡರೂ, ಅದು ಪುಕ್ಕಟೆಯೆಂದು ಮಾಡಿದ್ದಲ್ಲವಾದರೆ, ಪ್ರಯೋಜನ ಪಡೆದವರು ಹಣ ಕೊಡಬೇಕೆಂದು ಒಪ್ಪಂದ ಕಾಯ್ದೆಯ 70ನೇ ಕಲಂ ಹೇಳುತ್ತದೆ. ಆದರೂ ದರ ಬರೆದು ಸಹಿ ಮಾಡಿಸಿಕೊಂಡರೆ ವ್ಯಾಜ್ಯವೇ ಹುಟ್ಟುವುದಿಲ್ಲ. ತಡವಾದರೆ ವಾರಕ್ಕಿಷ್ಟು ದಂಡವೆಂದು ಬರೆದಿದ್ದರೂ ಅಷ್ಟೂ ತಾನಾಗಿ ಸಿಗದು. ಆ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಎನ್ನುತ್ತದೆ 74ನೇ ಕಲಂ. ಸಿಮೆಂಟನ್ನು ಸಕಾಲಕ್ಕೆ ತರಿಸದ ಮನೆಯವರು ಆ ವಿಳಂಬಕ್ಕೆ ಮೇಸ್ತ್ರಿಯಿಂದ ದಂಡ ಕೇಳುವುದು ನ್ಯಾಯವಲ್ಲ. ದೋಷ ಸರಿಪಡಿಸುವ ಅವಧಿಗೆಂದು ಹಿಡಿದಿಡುವ ಹಣ ಒಂದು ಮಳೆಗಾಲ, ಒಂದು ಬೇಸಿಗೆ ದಾಟುವವರೆಗೆ ಇರಲಿ. ಎರೆಮಣ್ಣಿನ ಬಿರುಕು ಕಾಣಿಸುವುದು ಆಗಲೇ. ಅವಧಿ ಮುಗಿದ ಮೇಲೆ ಆ ಹಣವನ್ನು ಸತಾಯಿಸದೆ ಕೊಡಬೇಕು. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವುದು ಮೂರೇ ವರ್ಷ.

ಕರಾರಿಗೆ ಸಹಿ ಹಾಕದೆಯೂ ಅದರ ಭಾರ ಹೊರುವವರು ಕೂಲಿಕಾರರು. ದೊಡ್ಡ ಕಾಮಗಾರಿಗಳಲ್ಲಿ ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಮಾಲೀಕನೇ ಕೊಡಬೇಕೆಂಬುದು ಕಾನೂನು. ಸಣ್ಣ ಕೆಲಸದಲ್ಲೂ ವಾರದ ಬಟವಾಡೆ, ವಿಮೆ, ಹೆಲ್ಮೆಟ್ಟು, ಗಟ್ಟಿ ಸಾರುವೆ ಯಾರ ಹೊಣೆಯೆಂದು ಬರೆದಿರಬೇಕು.

ಮನೆ ಕಟ್ಟಿಸುವವರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೆ. ಗುದ್ದಲಿ ಪೂಜೆಗೆ ಮುಹೂರ್ತ ನೋಡುವ ಮೊದಲು ಕರಾರನ್ನು ಕನ್ನಡದಲ್ಲಿ ಬರೆಸಿ. ಮೇಸ್ತ್ರಿಯನ್ನು ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿ. ಅವನು ಬೇಡವೆಂದದ್ದನ್ನು ಅಲ್ಲೇ ಚರ್ಚಿಸಿ. ಸಹಿಯಾದ ಒಂದು ಪ್ರತಿಯನ್ನು ಅವನ ಕೈಗೂ ಕೊಡಿ. ಒಬ್ಬರ ಬೀರುವಿನಲ್ಲಷ್ಟೇ ಇರುವ ಕರಾರು ಇಬ್ಬರನ್ನೂ ಕಾಯುವುದಿಲ್ಲ.