ಬಸಿರಿನ ವಾಕರಿಕೆ

ಕೊನೆಯ ಮುಟ್ಟಿನಿಂದ ಎಣಿಸಿ 6ನೆಯ ವಾರದ ಸುಮಾರಿಗೆ ಆರಂಭವಾಗುವ ಬಸಿರಿನ ವಾಕರಿಕೆ 9ನೆಯ ವಾರದ ವೇಳೆಗೆ ಉಲ್ಬಣಿಸಿ, ಬಹುತೇಕರಲ್ಲಿ 20ನೆಯ ವಾರದೊಳಗೆ ಶಮನವಾಗುತ್ತದೆ. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿ.ಡಿ.ಎಫ್.-15 ಎಂಬ ಹಾರ್ಮೋನು ಇದರ ಮುಖ್ಯ ಕಾರಣವೆಂದು 2023ರ ಸಂಶೋಧನೆ ತೋರಿಸಿದೆ. ಇದನ್ನು ಹೆಂಗಸರ ನಾಜೂಕೆಂದು ಹಗುರವಾಗಿ ಕಾಣುವ ಗಂಡಸರು ಗಮನಿಸಬೇಕು.

ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆಯ ಘಾಟು ಹಾಸಿಗೆಯವರೆಗೂ ಬರುತ್ತದೆ. ಊರಿನಲ್ಲಾದರೆ ಅತ್ತೆಯೋ ತಾಯಿಯೋ ಒಲೆಯ ಮುಂದೆ ನಿಲ್ಲುತ್ತಿದ್ದರು. ಇಲ್ಲಿ ಆ ಕೆಲಸ ಪತಿಯದು. ಏಳುವ ಮುನ್ನವೇ ಒಂದೆರಡು ಒಣ ಬಿಸ್ಕತ್ತು, ಅನಂತರ ಎರಡು ಗಂಟೆಗೊಮ್ಮೆ ತುಸುತುಸು ಆಹಾರ ಹಿತ. ಹಬೆಯಾಡುವ ಸಾರಿಗಿಂತ ವಾಸನೆ ಕಡಿಮೆಯಿರುವ ತಣ್ಣನೆಯ ಮೊಸರನ್ನ ಹಲವರಿಗೆ ಒಗ್ಗುತ್ತದೆ.

ವಾಕರಿಕೆಗೆ ಕೊಡಲಾಗುತ್ತಿದ್ದ ಥಾಲಿಡೊಮೈಡ್ ಗುಳಿಗೆಯಿಂದ ಅಂಗವಿಕಲ ಶಿಶುಗಳು ಹುಟ್ಟಿ, 1961ರಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುದನ್ನು ನೆನೆದು ಔಷಧವೆಂದರೆ ಅಂಜುವವರುಂಟು. ಆ ಅಂಜಿಕೆ ನಿರಾಧಾರವಲ್ಲ. ಆದರೆ ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಕೂಡಿದ ಗುಳಿಗೆ ದಶಕಗಳ ಪರಿಶೀಲನೆಗೆ ನಿಂತದ್ದು. ವೈದ್ಯರು ಬರೆದುಕೊಟ್ಟರೆ ಸೇವಿಸಬಹುದು.

ದಿನವಿಡೀ ಗುಟುಕು ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ತೂಕ ಇಳಿಯುತ್ತ ಹೋದರೆ ಅದು ಸಾಮಾನ್ಯ ವಾಕರಿಕೆಯಲ್ಲ. ಊರಿನ ಹಿರಿಯರನ್ನು ವಿಚಾರಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.