ಸಿಗ್ನಲ್ ಫುಲ್ ಇದ್ದೂ ನೆಟ್ ಇಲ್ಲದ ಮನೆ

ಬೆಂಗಳೂರಿನ ಗೋವಿಂದರಾಜನಗರದ ಮನೆಗಳು ಒಂದೇ ಸಲಕ್ಕೆ ಕಟ್ಟಿ ಮುಗಿದವಲ್ಲ. 20×30, 30×40ರ ಸೈಟಿನಲ್ಲಿ ಮೊದಲು ಕೆಳಗಿನ ಮನೆ ಏಳುತ್ತದೆ. ಮಗನ ಮದುವೆ ಹೊತ್ತಿಗೆ ಅದರ ಮೇಲೊಂದು, ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಬಾಡಿಗೆಗೆಂದು ಮತ್ತೊಂದು. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಮಾರೇನಹಳ್ಳಿ ಕಡೆಗೂ ಮೂಡಲಪಾಳ್ಯದ ಕಡೆಗೂ ಇಂಥವೇ ಸಾಲುಮನೆಗಳು, ಗೋಡೆಗೆ ಗೋಡೆ ಒತ್ತಿಕೊಂಡು ನಿಂತಿವೆ. ನಮ್ಮದೂ ಹಾಗೆ ಮೇಲಕ್ಕೆ ಬೆಳೆದ ಮನೆ. ಕೆಳಗೆ ನಾನು, ನನ್ನ ಹೆಂಡತಿ, ಮೊದಲ ಮಹಡಿಯಲ್ಲಿ ಮಗ, ಸೊಸೆ, ಮೊಮ್ಮಗಳು, ಎರಡನೆಯದರಲ್ಲಿ ಬಾಡಿಗೆಯವರು.

ಇಂಟರ್ನೆಟ್ಟಿನ ಫೈಬರ್ ಕಂಬದಿಂದ ಬಂದು ಇಳಿದದ್ದು ಕೆಳಮನೆಯ ಕಿಟಕಿಯ ಪಕ್ಕಕ್ಕೆ. ಅಲ್ಲಿಟ್ಟ ರೂಟರಿಗೂ ಮೇಲಿನ ಕೋಣೆಗಳಿಗೂ ನಡುವೆ ಒಂಬತ್ತಿಂಚಿನ ಗೋಡೆ, ಕಂಬಿ ತುಂಬಿದ ಆರ್‌ಸಿಸಿ ಸ್ಲ್ಯಾಬ್, ಸಾಲದೆಂಬಂತೆ ಒಂದು ಕಬ್ಬಿಣದ ಬೀರು. ಹಾಗಾಗಿ ಮಗ ಮಹಡಿಗೊಂದರಂತೆ ಇನ್ನೆರಡು ವೈಫೈ ಪೆಟ್ಟಿಗೆ ಹಾಕಿಸಿದ. ಒಂದೇ ಪೆಟ್ಟಿಗೆ ಇದ್ದಾಗ ತೊಂದರೆಯೂ ಒಂದೇ ಇತ್ತು: ಮೇಲೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೂರಾದ ಮೇಲೆ ಎಲ್ಲ ಕಡೆ ಸಿಗ್ನಲ್ ಬಂತು, ತೊಂದರೆ ಬಗೆಬಗೆಯಾಯಿತು. ಸೊಸೆಗೆ ಮೀಟಿಂಗ್ ನಡುವೆ ದನಿ ಕಟ್ಟಾಗುತ್ತಿತ್ತು. ಮೊಮ್ಮಗಳ ಟ್ಯಾಬು ‘ಕನೆಕ್ಟೆಡ್, ನೋ ಇಂಟರ್ನೆಟ್’ ಎನ್ನುತ್ತಿತ್ತು. ನನ್ನ ಫೋನು ‘ಆಬ್ಟೇನಿಂಗ್ ಐಪಿ ಅಡ್ರೆಸ್’ ಎಂದು ಸುತ್ತುತ್ತಲೇ ಇರುತ್ತಿತ್ತು. ನೋಡಲು ಬಂದ ಟೆಕ್ನಿಷಿಯನ್ ತನ್ನ ಮೊಬೈಲ್ ತೋರಿಸಿ, “ಸಿಗ್ನಲ್ ಫುಲ್ ಇದೆ ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಎಂದು ಹೇಳಿ ಹೋದ.

ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದು ನಿಜ. ಆದರೆ ಏಕೆ ಕೆಟ್ಟಿತ್ತು ಎನ್ನುವ ಗುರುತೂ ಅದರೊಂದಿಗೇ ಅಳಿಸಿಹೋಗುತ್ತದೆ. ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್ ನೋಡುತ್ತಿದ್ದವನು. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಆದ ಮೇಲೂ ಕೆಲಸ ಅದೇ ಆಗಿತ್ತು. ದೂರಿನ ನಂಬರ್ 198ಕ್ಕೆ ಕರೆ ಬಂದರೆ ಎಕ್ಸ್‌ಚೇಂಜಿನ ಎಂಡಿಎಫ್ (ತಂತಿಗಳು ಕೂಡುವ ಚೌಕಟ್ಟು), ರಸ್ತೆ ಬದಿಯ ಪಿಲ್ಲರ್, ಕಂಬದ ಡಿಪಿ (ಮನೆಗಳಿಗೆ ತಂತಿ ಹಂಚುವ ಪೆಟ್ಟಿಗೆ), ಕೊನೆಗೆ ಮನೆಯ ಉಪಕರಣ, ಹೀಗೆ ಲೈನನ್ನು ತುಂಡು ತುಂಡಾಗಿ ನೋಡಬೇಕಿತ್ತು. ಎಲ್ಲಿಯವರೆಗೆ ಚೆನ್ನಾಗಿದೆ ಎಂಬುದು ಗೊತ್ತಾಗುವ ತನಕ ಯಾವುದನ್ನೂ ಬಿಚ್ಚಬಾರದು. ವೈಫೈಗೂ ಇದೇ ಕ್ರಮ ಹೊಂದುತ್ತದೆ. ಫೋನು ಪೆಟ್ಟಿಗೆಯನ್ನು ಮೊದಲು ಗಾಳಿಯಲ್ಲಿ ಹುಡುಕುತ್ತದೆ, ಪಾಸ್‌ವರ್ಡ್ ಒಪ್ಪಿಸುತ್ತದೆ, ಆಮೇಲೆ ಒಂದು ಐಪಿ ವಿಳಾಸ ಕೇಳಿ ಪಡೆಯುತ್ತದೆ, ಆ ಮೇಲಷ್ಟೇ ಹೊರಗಿನ ಲೋಕಕ್ಕೆ ದಾರಿ. ಪರದೆಯ ಮೇಲೆ ಬರುವ ಮಾತು ಫೋನು ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಹೇಳುತ್ತದೆ. ‘ಆಬ್ಟೇನಿಂಗ್ ಐಪಿ’ ಎಂದು ನಿಂತರೆ ಪಾಸ್‌ವರ್ಡ್ ಸರಿಯಿದೆ, ಸಿಗ್ನಲ್ ಹಿಡಿದಿದೆ, ವಿಳಾಸ ಕೊಡುವವರು ಮಾತ್ರ ಓಗೊಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಾದರೆ ಇದೇ ದೋಷ 169.254ರಿಂದ ಶುರುವಾಗುವ ವಿಳಾಸವಾಗಿ ಕಾಣುತ್ತದೆ. ಯಾರೂ ವಿಳಾಸ ಕೊಡದಿದ್ದಾಗ ಯಂತ್ರ ತಾನೇ ಇಟ್ಟುಕೊಳ್ಳುವ ಸಂಖ್ಯೆ ಅದು.

‘ಕನೆಕ್ಟೆಡ್, ನೋ ಇಂಟರ್ನೆಟ್’ ಬಂದಾಗ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಸೇರಿಕೊಂಡಿರುವ ವೈಫೈ ಹೆಸರನ್ನು ಒತ್ತಿ, ಒಳಗಿರುವ ‘ಗೇಟ್‌ವೇ’ ಎಂಬ ಸಾಲನ್ನು ನೋಡಬೇಕು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪರೀಕ್ಷೆ ಇದು. ಕೆಳಮನೆಯಲ್ಲಿ ಗೇಟ್‌ವೇ 192.168.1.1 ಎಂದಿತ್ತು. ಮೊದಲ ಮಹಡಿಯಲ್ಲಿ ಒಮ್ಮೆ ಅದೇ, ಇನ್ನೊಮ್ಮೆ 192.168.0.1. ಒಂದೇ ಮನೆಯ ಒಂದೇ ಜಾಲದಲ್ಲಿ ಹೊರಬಾಗಿಲಿನ ವಿಳಾಸ ಎರಡಿರಬಾರದು. ಮೇಲೆ ಹಾಕಿದ್ದ ಪೆಟ್ಟಿಗೆ ಹಳೆಯ ರೂಟರು. ಅದನ್ನು ಬರೀ ಸಿಗ್ನಲ್ ಹರಡುವ ಆ್ಯಕ್ಸೆಸ್ ಪಾಯಿಂಟ್ ಆಗಿ ಬಳಸಲು ಅದರೊಳಗಿನ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಬೇಕಿತ್ತು. ಜೋಡಿಸಿದವರು ನಿಲ್ಲಿಸಿರಲಿಲ್ಲ. ಫೋನು ವಿಳಾಸ ಕೇಳಿದಾಗ ಎರಡು ರೂಟರೂ ಉತ್ತರ ಕೊಡುತ್ತಿದ್ದವು. ಯಾವುದರ ಉತ್ತರ ಮೊದಲು ಬಂದರೆ ಸಾಮಾನ್ಯವಾಗಿ ಅದನ್ನೇ ಫೋನು ಒಪ್ಪುತ್ತದೆ. ಕೆಳಗಿನದರ ಉತ್ತರ ಬಂದವರಿಗೆ ನೆಟ್ ಇತ್ತು. ಮೇಲಿನದರ ಉತ್ತರ ಬಂದವರ ಕೋರಿಕೆಗಳೆಲ್ಲ ಇಂಟರ್ನೆಟ್ಟಿನ ವೈರೇ ಇಲ್ಲದ ಒಂದು ರೂಟರಿಗೆ ಹೋಗಿ ನಿಲ್ಲುತ್ತಿದ್ದವು. ಸಿಗ್ನಲ್ ಮಾತ್ರ ಫುಲ್.

ಎರಡು ರೂಟರಿಗೂ 192.168.1.1 ಎಂದೇ ಇದ್ದರೆ ಇನ್ನೂ ಕಷ್ಟ. ಆಗ ಗೇಟ್‌ವೇ ನೋಡಿದರೂ ವ್ಯತ್ಯಾಸ ಕಾಣದು, ನೆಟ್ ಬಂದು ಬಂದು ಹೋಗುತ್ತದೆ. ಪಕ್ಕದ ರಸ್ತೆಯ ನೆಂಟರ ಮನೆಯಲ್ಲಿ ನೋಡಿದ ದೋಷ ಇದು. ಮೇಲಿನ ಪೆಟ್ಟಿಗೆಯ ವೈರನ್ನು ಕಿತ್ತರೆ ಕೆಳಗಿನವರಿಗೆ ತಕ್ಷಣ ಸರಿಯಾಗುತ್ತಿತ್ತು, ಅದರಿಂದಲೇ ಗೊತ್ತಾಯಿತು. ಪರಿಹಾರ ಸರಳ: ವಿಳಾಸ ಹಂಚುವುದು ಕೆಳಗಿನದೊಂದೇ. ಮೇಲಿನವುಗಳಲ್ಲಿ ಡಿಎಚ್‌ಸಿಪಿ ಬಂದ್ ಮಾಡಿ, ಅವಕ್ಕೆ 192.168.1.2, 192.168.1.3 ಎಂದು ಖಾಯಂ ವಿಳಾಸ ಕೊಟ್ಟು, ಹಂಚುವ ಸಂಖ್ಯೆಗಳನ್ನು 50ರಿಂದ 200ರವರೆಗೆ ಇಟ್ಟೆ. ಕೆಳಗಿನಿಂದ ಬಂದ ವೈರು ಹಳೆಯ ರೂಟರಿನ ಲ್ಯಾನ್ ಪೋರ್ಟಿಗೇ ಹೋಗಬೇಕು. ಇಂಟರ್ನೆಟ್ ವೈರಿಗೆಂದಿರುವ ವ್ಯಾನ್ ಪೋರ್ಟಿಗೆ ಹಾಕಿದರೂ ನೆಟ್ ಬರುತ್ತದೆ, ಆದರೆ ಮೇಲಿನ ಮನೆ ಬೇರೆಯೇ ಒಂದು ಜಾಲವಾಗುತ್ತದೆ; ಕೆಳಗಿನ ಪ್ರಿಂಟರ್ ಮೇಲಿನವರಿಗೆ ಕಾಣುವುದಿಲ್ಲ, ಮೆಟ್ಟಿಲು ಹತ್ತುತ್ತಾ ಮಾತಾಡಿದರೆ ವಿಳಾಸ ಬದಲಾಗಿ ಕರೆ ಕಡಿದುಹೋಗುತ್ತದೆ.

ವೈರಿನ ವಿಷಯ ನನ್ನ ಮನಸ್ಸಿಗೆ ಹತ್ತಿರ. ಪೆಟ್ಟಿಗೆಗಳನ್ನು ಗಾಳಿಯಲ್ಲೇ ಒಂದಕ್ಕೊಂದು ಜೋಡಿಸುವ ಮೆಶ್ ಸೆಟ್ಟುಗಳು ಬಂದಿವೆ. ಒಂದೇ ರೇಡಿಯೋ ಫೋನಿಗೂ ಕೆಳಗಿನ ಪೆಟ್ಟಿಗೆಗೂ ಸರದಿಯಲ್ಲಿ ಮಾತಾಡಬೇಕಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಡುವೆ ಸ್ಲ್ಯಾಬ್ ಇರುವ ನಮ್ಮಂಥ ಮನೆಗಳಲ್ಲಿ ವೈರು ಎಳೆಯುವುದೇ ಮೇಲು. ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಕ್ಯಾಟ್ 6 ಕೇಬಲ್ ತೆಗೆದುಕೊಳ್ಳುವಾಗ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯುಮಿನಿಯಂ, ಅದು ಬೇಡ. ತುದಿಗೆ ಆರ್‌ಜೆ45 ಹಾಕುವಾಗ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಏಕೆ ಬರಬೇಕು ಎಂದು ಕೆಲವರು ಹಸಿರನ್ನು ಹಸಿರಿನ ಪಕ್ಕದಲ್ಲೇ ಕೂರಿಸುತ್ತಾರೆ. ಎರಡೂ ತುದಿಯಲ್ಲಿ ಹಾಗೇ ಮಾಡಿದರೆ ಅಗ್ಗದ ಟೆಸ್ಟರಿನ ಎಂಟೂ ದೀಪ ಸರಿಯಾಗಿ ಹೊತ್ತುತ್ತವೆ, ಲೈನ್ ಮಾತ್ರ ನಿಲ್ಲುವುದಿಲ್ಲ. 3 ಮತ್ತು 6ನೇ ಪಿನ್ನುಗಳು ಒಟ್ಟಿಗೆ ಹೆಣೆದ ಒಂದೇ ಜೋಡಿಯಾಗಿರಬೇಕು. ಹೆಣಿಗೆಯೇ ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ತಾಗದಂತೆ ಕಾಯುವುದು. ಟೆಲಿಫೋನಿನ ಕೇಬಲ್ಲಿನಲ್ಲೂ ಜೋಡಿ ತಪ್ಪಿದರೆ ಪಕ್ಕದ ಮನೆಯ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು. ಇನ್ನೊಂದು ಗುರುತು: ಗಿಗಾಬಿಟ್ ಬರಬೇಕಾದಲ್ಲಿ ವೇಗ 100 ಎಂಬಿಪಿಎಸ್ ಹತ್ತಿರವೇ ನಿಂತುಹೋಗುತ್ತಿದ್ದರೆ ಎಂಟರಲ್ಲಿ ಯಾವುದೋ ತಂತಿ ಹಿಡಿದಿಲ್ಲವೇನೋ ನೋಡಿ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು.

ಇಷ್ಟೆಲ್ಲ ಸರಿಯಾದ ಮೇಲೂ ಸೊಸೆಯ ಮೀಟಿಂಗ್ ಕಡಿಯುವುದು ಪೂರ್ತಿ ನಿಲ್ಲಲಿಲ್ಲ. “ಮಾವ, ಕೆಳಗೆ ಅತ್ತೆ ಹತ್ರ ಬಂದು ವಾಪಸ್ ಮೇಲೆ ಹೋದಾಗಲೇ ಹೀಗಾಗೋದು” ಎಂದು ಆಕೆ ಗಮನಿಸಿ ಹೇಳಿದಳು. ಅರ್ಧ ಕೆಲಸ ಅಲ್ಲೇ ಆಯಿತು. ಯಾವ ಪೆಟ್ಟಿಗೆಗೆ ಅಂಟಿಕೊಳ್ಳಬೇಕು, ಯಾವಾಗ ಬಿಡಬೇಕು ಎಂದು ಕೊನೆಗೆ ತೀರ್ಮಾನಿಸುವುದು ಫೋನು, ರೂಟರಲ್ಲ. ಹಿಡಿದ ಸಿಗ್ನಲ್ −70 ಡಿಬಿಎಂಗಿಂತ ಕೆಳಗಿಳಿಯುವವರೆಗೆ ಐಫೋನು ಬೇರೆಯದನ್ನು ಹುಡುಕಲು ಹೊರಡುವುದಿಲ್ಲ ಎಂದು ಆ್ಯಪಲ್ ಕಂಪನಿಯೇ ಹೇಳಿದೆ. ಈ ಅಳತೆಯಲ್ಲಿ 10 ಕಡಿಮೆಯಾದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಕೆಳಗಿನ ರೂಟರು ಪೂರ್ತಿ ಜೋರಿನಲ್ಲಿದ್ದುದರಿಂದ ಮೆಟ್ಟಿಲ ಬಾಯಿಯ ಮೂಲಕ ಅದರ ಸಿಗ್ನಲ್ ಮೇಲೆಯೂ −70ರ ಆಸುಪಾಸಿನಲ್ಲೇ ಸಿಗುತ್ತಿತ್ತು. ಫೋನು ತಲೆಯ ಮೇಲಿನ ಪೆಟ್ಟಿಗೆಯನ್ನು ಬಿಟ್ಟು ಅದಕ್ಕೇ ಜೋತುಬಿದ್ದಿತ್ತು. ಫೋನಿನ ರೇಡಿಯೋ ರೂಟರಿನದಕ್ಕಿಂತ ಸಣ್ಣದು. ಮೈಕಿನಲ್ಲಿ ಮಾತಾಡುವವರ ದನಿ ಸಭೆಯ ಕೊನೆಯ ಸಾಲಿಗೂ ಮುಟ್ಟುತ್ತದೆ, ಕೊನೆಯ ಸಾಲಿನವರು ಕೇಳಿದ ಪ್ರಶ್ನೆ ವೇದಿಕೆಗೆ ಮುಟ್ಟುವುದಿಲ್ಲ, ಅದೇ ಸ್ಥಿತಿ. ಆದ್ದರಿಂದ ಕೆಳಗಿನ ರೂಟರಿನ ಜೋರನ್ನು ಹೆಚ್ಚಿಸುವ ಬದಲು ತಗ್ಗಿಸಿದೆ. ಟ್ರಾನ್ಸ್‌ಮಿಟ್ ಪವರ್ ಎಂಬ ಸೆಟ್ಟಿಂಗನ್ನು ‘ಮೀಡಿಯಂ’ಗೆ ಇಳಿಸಿದ ಮೇಲೆ ಫೋನುಗಳು ಮಹಡಿ ಬದಲಿಸುವಾಗ ಪೆಟ್ಟಿಗೆಯನ್ನೂ ಬದಲಿಸತೊಡಗಿದವು. ಮನೆಯವರೆಲ್ಲ ಜೋರು ಹೆಚ್ಚಿಸಿ ಎನ್ನುತ್ತಿದ್ದ ಹೊತ್ತಿನಲ್ಲಿ ಇದನ್ನು ಒಪ್ಪಿಸಲು ಸ್ವಲ್ಪ ಕಷ್ಟವಾಯಿತು. ಎಷ್ಟೋ ಮನೆಗಳಲ್ಲಿ ಇದೊಂದೇ ಮದ್ದು ಸಾಕು ಎಂದು ನನ್ನ ನಂಬಿಕೆ.

ಇನ್ನು ಚಾನಲ್. ನಮ್ಮ ಹಾಲಿನಲ್ಲಿ ನಿಂತು ವೈಫೈ ಅನಲೈಸರ್ ಆ್ಯಪ್ ತೆರೆದರೆ ಬೀದಿಯ ಅಷ್ಟೂ ಮನೆಗಳ ಹೆಸರು ಬರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ತುಳಿಯದ ಚಾನಲ್ಲುಗಳು ಮೂರೇ: 1, 6, 11. ನಡುವಿನ 3 ಅಥವಾ 8ಕ್ಕೆ ಇಟ್ಟವರು ಎರಡೂ ಕಡೆಯವರಿಗೆ ತೊಂದರೆ ಕೊಡುತ್ತಾರೆ, ತಾವೂ ಅನುಭವಿಸುತ್ತಾರೆ. ಮೂರು ಮಹಡಿಗೆ ಆ ಮೂರನ್ನು ಹಂಚಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅಲ್ಲಿನ 605 ಮೆಗಾಹರ್ಟ್ಸ್ ಪಾಲನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದರೆ 52ರಿಂದ 144ರವರೆಗಿನ ಚಾನಲ್ಲುಗಳಲ್ಲಿ ರೂಟರು ಮೊದಲು ರೇಡಾರ್ ಇದೆಯೇ ಎಂದು ಕನಿಷ್ಠ ಒಂದು ನಿಮಿಷ ಕಿವಿಗೊಡಬೇಕು, ರೇಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ಆನ್ ಮಾಡಿದ ಕೂಡಲೇ 5 ಗಿಗಾಹರ್ಟ್ಸ್‌ನ ಹೆಸರು ಕಾಣಲಿಲ್ಲವೆಂದು ಗಾಬರಿಯಾಗುವವರು ಈ ಕಾರಣ ತಿಳಿದಿರಬೇಕು. ನಾನು ಕೆಳಗೂ ಮೇಲ್ತುದಿಗೂ 36, ನಡುವಿನ ಮಹಡಿಗೆ 149 ಇಟ್ಟೆ. ನಡುವೆ ಎರಡು ಸ್ಲ್ಯಾಬ್ ಇರುವುದರಿಂದ ಎರಡು 36ಗಳು ಒಂದಕ್ಕೊಂದು ಅಷ್ಟಾಗಿ ಕೇಳಿಸುವುದಿಲ್ಲ. ಸಿಗ್ನಲ್ಲಿಗೆ ಅಡ್ಡಿ ಎಂದು ಎಲ್ಲರೂ ಬೈಯುವ ಸ್ಲ್ಯಾಬ್ ಇಲ್ಲಿ ನೆರವಿಗೆ ಬಂತು.

ಕರೆಂಟ್ ಹೋಗಿ ಬಂದ ಮೇಲಿನ ತೊಂದರೆ ಬೇರೆ. ಫೈಬರಿನ ಪೆಟ್ಟಿಗೆ ಎದ್ದು ಲೈನ್ ಹಿಡಿಯಲು ನಿಮಿಷಗಳೇ ಬೇಕು, ಮೇಲಿನ ಆ್ಯಕ್ಸೆಸ್ ಪಾಯಿಂಟುಗಳು ಅದಕ್ಕಿಂತ ಬೇಗ ಎದ್ದು ಫೋನುಗಳನ್ನು ಸೇರಿಸಿಕೊಳ್ಳುತ್ತವೆ. ವಿಳಾಸ ಕೊಡುವ ರೂಟರು ಇನ್ನೂ ಎದ್ದಿರುವುದಿಲ್ಲ, ಫೋನು ವಿಳಾಸಕ್ಕೆ ಕಾಯುತ್ತ ಕೂರುತ್ತದೆ. ಯುಪಿಎಸ್ ಕೆಳಗಿನ ರೂಟರಿಗೆ ಮಾತ್ರ ಇದ್ದರೂ ಪ್ರಯೋಜನವಿಲ್ಲ. ಮೇಲಿನ ವೈರುಗಳನ್ನು ರೂಟರಿಗೆ ಕೂಡಿಸುವ ಸಣ್ಣ ನೆಟ್‌ವರ್ಕ್ ಸ್ವಿಚ್ಚು ಸತ್ತರೆ ಮೇಲಿನ ಮನೆಗೆ ದಾರಿಯೇ ಕಡಿಯುತ್ತದೆ. ಈಗ ಸ್ವಿಚ್ಚಿಗೂ ಮೇಲಿನ ಪೆಟ್ಟಿಗೆಗೂ ರೂಟರಿಗೆಂದೇ ಸಿಗುವ ಪುಟ್ಟ 12 ವೋಲ್ಟಿನ ಯುಪಿಎಸ್ ಹಾಕಿದ್ದೇವೆ.

ಇಲಾಖೆಯಲ್ಲಿ ಪ್ರತಿ ಜೋಡಿ ತಂತಿಗೂ ದಾಖಲೆ ಇರುತ್ತಿತ್ತು. ಮನೆಯ ಜಾಲಕ್ಕೂ ಹಾಗೆ ಒಂದು ಹಾಳೆ ಬರೆದು ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿದೆ: ಯಾವ ವೈರು ಎಲ್ಲಿಂದ ಎಲ್ಲಿಗೆ, ಯಾವ ಪೆಟ್ಟಿಗೆಗೆ ಯಾವ ವಿಳಾಸ, ಯಾವ ಚಾನಲ್, ಗೇಟ್‌ವೇ ಎಷ್ಟಿರಬೇಕು. ಎರಡನೇ ಮಹಡಿಗೆ ಹೊಸ ಬಾಡಿಗೆಯವರು ಬಂದ ವಾರ ಮತ್ತೆ ‘ನೋ ಇಂಟರ್ನೆಟ್’ ಶುರುವಾಯಿತು. ನಾನು ಮನೆಯಲ್ಲಿರಲಿಲ್ಲ. ಸೊಸೆ ಹಾಳೆ ನೋಡಿಕೊಂಡು ಫೋನ್ ಮಾಡಿದಳು: “ಮಾವ, ಗೇಟ್‌ವೇ ಬೇರೆ ತೋರಿಸ್ತಿದೆ. ಮೇಲಿನವರು ತಮ್ಮ ರೂಟರ್ ಏನಾದ್ರೂ ಹಾಕಿದಾರಾ ಕೇಳ್ಲಾ?” ಹಾಕಿದ್ದರು, ವೈರು ಲ್ಯಾನ್ ಪೋರ್ಟಿನಲ್ಲಿತ್ತು. ಅವರಿಗೆ ನಮ್ಮ ಪ್ರಿಂಟರೂ ಬೇಡ, ನಮಗೆ ಅವರ ಫೋನುಗಳೂ ಬೇಡ, ಬೇರೆ ಜಾಲವಾದರೆ ಒಳ್ಳೆಯದೇ. ಅವರ ವೈರನ್ನು ವ್ಯಾನ್ ಪೋರ್ಟಿಗೆ ಬದಲಿಸುವಂತೆ ಸೊಸೆಯೇ ಹೇಳಿ ಮಾಡಿಸಿ, ಹಾಳೆಯಲ್ಲಿ ಅದನ್ನೂ ಒಂದು ಸಾಲು ಸೇರಿಸಿದಳು.